ಕುಡಿ ಪಕ್ಕ ಹೋದ ಅತ್ತೆ

ನಮ್ಮತ್ತೆ ಚೆನ್ನಮ್ಮನವರು ಮೊಮ್ಮಗಳನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಪಕ್ಕದ ಮನೆಯವರು ಆಸೆಪಟ್ಟು ಕೈ ಚಾಚಿದರೆ "ಈಗ್ತಾನೆ ಹಾಲ್ ಕುಡ್ದೈತೆ, ಕಕ್ಕೊಂಡ್ಬುಡ್ತದೆ" ಎಂದು ಸೆರಗಿನೊಳಗೆ ಮುಚ್ಚಿಕೊಳ್ಳುವರು. ಕೆನ್ನೆಗೊಂದು, ಅಂಗಾಲಿಗೊಂದು ದೃಷ್ಟಿಬೊಟ್ಟು ಇಡುವರು. ಕುದಿಸಿದ ನೀರನ್ನೇ ಮತ್ತೆ ಕುದಿಸುವರು. ಒಮ್ಮೊಮ್ಮೆ ಹೆತ್ತ ನನ್ನ ಮೇಲೂ ಅವರಿಗೆ ನಂಬಿಕೆ ಇದ್ದಂತೆ ಕಾಣುತ್ತಿರಲಿಲ್ಲ. ಅವರು ಕನಕಪುರದ ಕಡೆಯವರು. ಮಗನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಇಲ್ಲಿಗೆ ಬಂದವರು. ತರಕಾರಿ ಕೊಳ್ಳುವಷ್ಟು ತಮಿಳು ಕಲಿತಿದ್ದರು, ತೆಲುಗು ಮಾತ್ರ ಬಾರದು. ನಾನು ಹೊಸೂರಿನಲ್ಲೇ ಹುಟ್ಟಿ ಮೂರೂ ಭಾಷೆ ಬೆರೆಸಿ ಮಾತಾಡುತ್ತ ಬೆಳೆದವಳು.

2007ರಲ್ಲಿ, ಮಗಳು ಸಿಂಧುವಿಗೆ ಐದು ತಿಂಗಳಿದ್ದಾಗ, ಆಂಧ್ರದ ಕುಪ್ಪಂ ಕಡೆಯ ವಿಶ್ವವಿದ್ಯಾಲಯದ ವಿಚಾರಸಂಕಿರಣದಲ್ಲಿ ಪ್ರಬಂಧ ಓದಲು ನನಗೆ ಕರೆ ಬಂತು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ.ಗೆ ಕೈಹಾಕಿದ್ದೆ; ಹೆರಿಗೆಯಾದ ಮೇಲೆ ಅದು ಮೂಲೆ ಸೇರಿತ್ತು. ನನ್ನ ಗಂಡ ರವಿಕುಮಾರ್‌ಗೆ ರಜೆ ಸಿಗಲಿಲ್ಲ. ಸಿಂಧು ಬಾಟಲಿ ಮುಟ್ಟುತ್ತಿರಲಿಲ್ಲ. ಅತ್ತೆ ದಿನವೆಲ್ಲ ಮುಖ ಊದಿಸಿಕೊಂಡಿದ್ದು ಕೊನೆಗೆ, "ನಾನೇ ಬತ್ತೀನಿ ನಡಿ. ಆದ್ರೆ ಮಗಾ ಏನಾರ ಬಳಲ್ತು ಅಂದ್ರೆ ಈ ಓದಿನ ಸವಾಸ ಇಲ್ಗೇ ನಿಲ್ಬೇಕು ಕಣಮ್ಮ" ಎಂದರು. ಅವರು ಹೇಳಿದರೆ ಹೇಳಿದ್ದೇ. ಅವರು ಮಗು ಹಿಡಿಯದಿದ್ದರೆ ನನ್ನ ಪಿಎಚ್.ಡಿ. ಅಲ್ಲಿಗೆ ಮುಗಿದಂತೆಯೇ.

ಕೃಷ್ಣಗಿರಿಯಲ್ಲಿ ಬಸ್ಸು ಬದಲಿಸಿ, ಕುಪ್ಪಂನಲ್ಲಿ ಆಟೋ ಹಿಡಿದು ಗೇಟು ತಲುಪುವಷ್ಟರಲ್ಲಿ ನನ್ನ ಸೀರೆ ಮುದುಡಿ ಮುದ್ದೆಯಾಗಿತ್ತು. ಆ ವಿಶ್ವವಿದ್ಯಾಲಯ ಕಟ್ಟಿದವರಿಗೆ ಜಾಗಕ್ಕೇನೂ ಬರವಿರಲಿಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ನಡೆಯುವುದೆಂದರೆ ಪಕ್ಕದೂರಿಗೆ ಹೋದಂತೆ. ಹೆಸರು ಬರೆಸುವುದು ಒಂದು ಕಡೆ, ಪ್ರಬಂಧ ಓದುವ ಸಭಾಂಗಣ ಇನ್ನೊಂದು ಕಡೆ. ಒಳಗೆ ಮಗು ಅತ್ತರೆ ಕಷ್ಟವೆಂದು ಅತ್ತೆಯನ್ನು ಮೊದಲ ಕಟ್ಟಡದ ಜಗಲಿಯಲ್ಲೇ ಕೂರಿಸಿದೆ. ಮಗುವಿಗೆ ಹಾಲು ಕುಡಿಸಿ, "ತುಂಬಾ ಅತ್ರೆ ಸಭಾಂಗಣ ಎಲ್ಲಿ ಅಂತ ಕೇಳ್ಕೊಂಡು ಬನ್ನಿ ಅತ್ತೆ" ಎಂದು ಹೇಳಿ ಓಡಿದೆ.

ನನಗಿಂತ ಮುಂಚೆ ಓದಿದ ಮಹಾನುಭಾವರು ಮತ್ತೆ ಮತ್ತೆ "ಕೊನೆಯದಾಗಿ" ಎಂದರೇ ಹೊರತು ಕೊನೆ ಮಾಡಲಿಲ್ಲ. ನನಗೆ ಹಾಲು ತುಂಬಿ ಎದೆ ಬಿಗಿಯುತ್ತಿತ್ತು, ಅವರ ಮೇಲೆ ಸಿಟ್ಟು ಉಕ್ಕುತ್ತಿತ್ತು. ಅಂತೂ ಸರದಿ ಬಂತು. ಓದಿದೆ, ಚೆನ್ನಾಗಿಯೇ ಓದಿದೆ. ಚಪ್ಪಾಳೆ ನಿಲ್ಲುವ ಮೊದಲೇ ಹೊರಗೆ ಬಂದು ಜಗಲಿಗೆ ಓಡಿದೆ.

ಜಗಲಿ ಖಾಲಿಯಿತ್ತು.

ಅಲ್ಲಿದ್ದ ಕಾವಲುಗಾರ ತೆಲುಗಿನವನು. "ಮಗು ಅಳ್ತಿತ್ತು. ಆಯಮ್ಮ ಸಭಾಂಗಣ ಎಲ್ಲಿ ಅಂತ ಕೇಳಿದರು. 'ಕುಡಿ ಪಕ್ಕ ಪೋಮ್ಮಾ' ಅಂದೆ. ಹೋಗಿ ಬಹಳ ಹೊತ್ತಾಯಿತು" ಎಂದು ಅವನ ಭಾಷೆಯಲ್ಲಿ ಹೇಳಿದ. ಕುಡಿ ಪಕ್ಕ ಎಂದರೆ ತೆಲುಗಿನಲ್ಲಿ ಬಲಗಡೆ. ನಾನು ಬಂದದ್ದೂ ಅದೇ ದಾರಿಯಲ್ಲಿ, ಅತ್ತೆ ಎದುರಾಗಿರಲಿಲ್ಲ. ಗುರುತಿಲ್ಲದ ಊರು, ಭಾಷೆ ಬಾರದ ಹೆಂಗಸು, ಹಸಿದ ಕೂಸು. ಪ್ರಬಂಧವೂ ಬೇಡ, ಪದವಿಯೂ ಬೇಡ, ಮಗು ಸಿಕ್ಕರೆ ಸಾಕು ಎನ್ನಿಸಿತು.

ಆಗ ತಟ್ಟನೆ ಹೊಳೆಯಿತು. ಅತ್ತೆಗೆ ಗೊತ್ತಿರುವುದು ಕನ್ನಡ ಮತ್ತು ಚೂರು ತಮಿಳು. ಎರಡರಲ್ಲೂ ಕುಡಿ ಎಂದರೆ ಕುಡಿ!

"ಕುಡಿಯೋ ನೀರು ಎಲ್ಲಿದೆ?" ಎಂದು ತೆಲುಗಿನಲ್ಲಿ ಕೂಗಿದೆ. ಅವನು ಬೆಚ್ಚಿ ಎಡಗಡೆಗೆ ಕೈ ತೋರಿಸಿದ.

ಕ್ಯಾಂಟೀನಿನ ಹಿಂದೆ ನೀರಿನ ಟ್ಯಾಂಕು, ಅದರ ಪಕ್ಕ ಹೊಂಗೆಮರ. ತೋಟದ ಕೆಲಸದ ಹೆಂಗಸರು ನೆರಳಲ್ಲಿ ಊಟಕ್ಕೆ ಕೂತಿದ್ದರು. ಅವರ ನಡುವೆ ನಮ್ಮತ್ತೆ ಕಾಲು ಚಾಚಿ ಕೂತಿದ್ದರು. ಸಿಂಧು ಅವರ ಮಡಿಲಲ್ಲಿರಲಿಲ್ಲ. ಪಾಪಮ್ಮ ಎಂಬ ಹೆಂಗಸಿನ ಎದೆಗೆ ಬಾಯಿಟ್ಟು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದಳು.

ನಾನು ಅಲ್ಲೇ ಕುಸಿದು ಕೂತು ಗಳಗಳ ಅತ್ತುಬಿಟ್ಟೆ.

"ಸುಮ್ಕಿರು, ಮಗೀಗೆ ಜೊಂಪು ಹತ್ತೈತೆ" ಎಂದು ಅತ್ತೆ ಗದರಿದರು. ಆಮೇಲೆ ದನಿ ತಗ್ಗಿಸಿ, "ಅತ್ತೂ ಅತ್ತೂ ನೀಲಿಗಟ್ಟೋಗಿತ್ತು ಕಣವ್ವಾ. ನಂಗೇನೂ ತೋಚ್ಲಿಲ್ಲ. ಇವ್ಳ ಸೆರಗು ಒದ್ದೆಯಾಗಿದ್ದು ಕಂಡೆ. ಹಸುಗೂಸಿನ ತಾಯಿ ಅಂತ ಗೊತ್ತಾಯ್ತು. ಕೈ ಮುಗ್ದೆ, ಮಗೀನ ಚಾಚ್ದೆ" ಎಂದರು.

ಪಕ್ಕದ ಮನೆಯವರಿಗೂ ಮಗು ಕೊಡದ ನಮ್ಮತ್ತೆ! ಮಗುವನ್ನು ನನ್ನ ತೊಡೆಗೆ ದಾಟಿಸಿ ಪಾಪಮ್ಮ ಸೆರಗು ಸರಿಮಾಡಿಕೊಂಡಳು. ಮನೆಯಲ್ಲಿ ತನಗೂ ಏಳು ತಿಂಗಳ ಗಂಡುಮಗು ಇದೆ, ಓರಗಿತ್ತಿ ನೋಡಿಕೊಳ್ಳುತ್ತಾಳೆ ಎಂದಳು. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಪಾಪಮ್ಮನ ಬೆನ್ನು ಸವರಿದರು.

"ನಿಂದು ಓದಾಯ್ತಾ?" ಎಂದು ನನ್ನನ್ನು ಕೇಳಿದರು.

"ಆಯ್ತು ಅತ್ತೆ."

"ಚೆಂದಾಗಿ ಓದ್ದಾ?"

"ಹೂಂ."

"ಹಂಗಾರೆ ಇವ್ಳಿಗೆ ತೆಲುಗಲ್ಲಿ ಹೇಳು. ನೀನು ಇನ್ನೊಂದ್ಸಲ ಇಲ್ಲಿಗೆ ಓದೋಕ್ ಬರೋವಾಗ ನಾನೂ ಬತ್ತೀನಿ, ಇವ್ಳ ಮಗೀಗೊಂದು ಕುಲಾವಿ ಹೊಲ್ಕೊಂಡು ಬತ್ತೀನಿ ಅಂತ."

ನಾನು ಪಾಪಮ್ಮನ ಕಡೆ ತಿರುಗಿ ಒಂದು ಮಾತೂ ಬಿಡದೆ ಹೇಳಿದೆ.