ಅಜ್ಜನ ಚಾಚಿದ ಕಾಲು

ನಿನ್ನೆ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗ ಹರಿದು ಒದ್ದೆ ಬಟ್ಟೆಗಳೆಲ್ಲ ಮಣ್ಣಿಗೆ ಬಿದ್ದವು. ಅವನ್ನು ಮತ್ತೆ ಒಗೆಯುವ ಶಕ್ತಿ ನನ್ನಲ್ಲಿರಲಿಲ್ಲ. ಬಕೆಟ್ಟಿಗೆ ತುಂಬಿಟ್ಟು, ಬೇರೆ ಹಗ್ಗ ಇದೆಯೇನೋ ಎಂದು ಅಟ್ಟ ಹುಡುಕಿದೆ. ಹಳೆಯ ಕೊಡಗಳ ಹಿಂದೆ ಪುಂಡಿ ಗಿಡದ ನಾರಿನ ಹಗ್ಗದ ಒಂದು ಸುರುಳಿ ಸಿಕ್ಕಿತು. ಕೊಟ್ಟೂರಿನ ಮನೆಯ ಸಾಮಾನುಗಳ ಜೊತೆ ನಮ್ಮ ಹಗರಿಬೊಮ್ಮನಹಳ್ಳಿಗೆ ಬಂದು, ಅಟ್ಟ ಸೇರಿ, ಎಲ್ಲರಿಗೂ ಮರೆತುಹೋಗಿದ್ದಿರಬೇಕು. ಧೂಳು ಬಿಡಲೆಂದು ನೀರಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ವಾಸನೆ ಎದ್ದಿತು. ಕೆರೆಯ ಕೆಸರು, ಹಳೆ ಹುಲ್ಲು, ಒಂದಿಷ್ಟು ಹುಳಿ. ನೆನೆದ ಪುಂಡಿನಾರಿನ ವಾಸನೆ ಗೊತ್ತಿಲ್ಲದವರಿಗೆ ಅದು ಹಿತವಾದದ್ದೆಂದು ನಂಬಿಸುವುದು ಕಷ್ಟ. ನನಗೆ ಅದು ಅಜ್ಜನ ವಾಸನೆ. ಬಚ್ಚಲ ಕಟ್ಟೆಯ ಮೇಲೆ ಹಾಗೇ ಕುಳಿತುಬಿಟ್ಟೆ.

ಅಜ್ಜ, ಅಂದರೆ ನಮ್ಮ ಅಪ್ಪನ ಅಪ್ಪ, ಕೊಟ್ಟೂರಿನಲ್ಲಿ ಹಗ್ಗದ ಅಂಗಡಿ ಇಟ್ಟಿದ್ದರು. ಎತ್ತಿನ ಕಣ್ಣಿ, ಮೂಗುದಾರ, ಬಾವಿಯ ಹಗ್ಗ, ತೊಟ್ಟಿಲ ಹಗ್ಗ. ನೀವು ಆ ಬೀದಿಯಲ್ಲಿ ನಡೆದು ಬಂದಿದ್ದರೆ ಅಂಗಡಿಗಿಂತ ಮೊದಲು ನಿಮಗೆ ಕಾಣುತ್ತಿದ್ದದ್ದು ಅಜ್ಜನ ಬಲಗಾಲು. ಅದು ಮೊಣಕಾಲಿನಲ್ಲಿ ಮಡಚುತ್ತಿರಲಿಲ್ಲ. ಅಂಗಡಿ ಇಷ್ಟೇ ಇಷ್ಟು. ಅವರು ಬಾಗಿಲಲ್ಲಿ ಕುಳಿತರೆ ಕಾಲು ಕಟ್ಟೆ ದಾಟಿ ಬೀದಿಗೆ ಬರುತ್ತಿತ್ತು. ಅದರ ಹೆಬ್ಬೆರಳಿಗೆ ಹಗ್ಗದ ತುದಿ ಸಿಕ್ಕಿಸಿ, ಎರಡೂ ಅಂಗೈಗಳ ನಡುವೆ ನಾರು ಹೊಸೆದು ಹುರಿ ಹಾಕುತ್ತಿದ್ದರು. ಹಗ್ಗ ಉಜ್ಜಿ ಉಜ್ಜಿ ಆ ಬೆರಳಿನ ಬುಡದಲ್ಲಿ ಉಂಗುರ ತೊಟ್ಟಂತೆ ಒಂದು ಕಪ್ಪು ಗೆರೆ ಬಿದ್ದಿತ್ತು. ಮಡಚದ ಕಾಲು ಹಗ್ಗದವನಿಗೆ ದೇವರು ಕೊಟ್ಟ ಗೂಟ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಆ ಕಾಲು ಹಾಗಾದದ್ದಕ್ಕೆ ಅಜ್ಜನ ಬಳಿ ಒಂದು ಕಥೆ ಇತ್ತು. ಕೂಡ್ಲಿಗಿ ಸಂತೆಗೋ ಹರಪನಹಳ್ಳಿ ಸಂತೆಗೋ ಹಗ್ಗದ ಹೊರೆ ಹಾಕಿಕೊಂಡು ಬಸ್ಸಿನಲ್ಲಿ ಹೋಗುವಾಗ, ಗುರುತಿಲ್ಲದವರು ಪಕ್ಕದಲ್ಲಿ ಸಿಕ್ಕರೆ ಸಾಕು, ಗುಡೇಕೋಟೆಯ ಗುಡ್ಡದಿಂದ ಕರಡಿ ಇಳಿದು ಬರುತ್ತಿತ್ತು. ಕರಡಿಯ ಬಾಯಿಗೆ ಅಜ್ಜ ಕಂಬಳಿ ತುರುಕುತ್ತಿದ್ದರು. ಕರಡಿ ಕಾಲು ಹಿಡಿಯುತ್ತಿತ್ತು. ಕೇಳುವವರ ಮುಖ ನೋಡಿಕೊಂಡು ಕರಡಿ ಒಂದೋ ಎರಡೋ ಆಗುತ್ತಿತ್ತು. ಒಮ್ಮೆ ಅಜ್ಜಿಯೂ ಜೊತೆಗಿದ್ದಳು. ಕಿಟಕಿ ಕಡೆ ಮುಖ ಮಾಡಿಕೊಂಡೇ, “ಯಾವ ಕರಡಿನೂ ಇಲ್ರಿ. ಇದೇ ಬಸ್ಸಿನ ಟಾಪ್ ಮ್ಯಾಲಿಂದ ಹೊರೆ ಇಳಸಾಕ ಹೋಗಿ ಬಿದ್ದಾರ. ನಾಟಿ ಔಷಧದಾಂವ ಬಿದಿರಿನ ದಬ್ಬಿ ಕಟ್ಟಿ ಬಿಚ್ಚೋದಾ ಮರೆತ” ಎಂದಳು. ಅಜ್ಜ, “ಆ ಬಸ್ಸಿನ್ಯಾಗ ಕರಡಿ ಇತ್ತು” ಎಂದರು. ಅಜ್ಜ ಕಾಲನ್ನು ಹಾದಿಗೆ ಚಾಚಿ ಕೂತಿದ್ದರಿಂದ ಕಂಡಕ್ಟರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಅಲ್ಲೇ ನಿಂತಿದ್ದ. “ಯಜಮಾನ, ಆ ಕಾಲಿಗೊಂದು ಅರ್ಧ ಟಿಕೀಟು ತಗಾ” ಎಂದ.

ಯಾರ ಕಾಲನ್ನೂ ದಾಟಬಾರದು ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠ. ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ನೇರ ನಡೆದದ್ದೇ ಇಲ್ಲ. ಪಡಸಾಲೆಯಲ್ಲಿ ಅಜ್ಜ ಕುಳಿತರೆ ಅಡುಗೆಮನೆಯಿಂದ ಬಾಗಿಲಿಗೆ ಹೋಗುವವರೆಲ್ಲ ಆ ಪಾದದ ಆಚೆಯಿಂದ ಒಂದು ಸುತ್ತು ಹಾಕಿಯೇ ಹೋಗಬೇಕು. ಬೀದಿಯಲ್ಲೂ ಅಷ್ಟೇ. ಎದುರಂಗಡಿಯ ಬುಡೇನ್ ಸಾಬ್ ಎತ್ತಿನ ಗಂಟೆ, ಗೆಜ್ಜೆ ಮಾರುತ್ತಿದ್ದ. ದಿನಾ ಚಹಾ ತರಲು ಹೋಗುವಾಗ ಅಜ್ಜನ ಕಾಲ ಹತ್ತಿರ ನಿಂತು ಜಗಳ ತೆಗೆಯುತ್ತಿದ್ದ.

“ಕಾಲು ತಗೀಲೇ ಕೊಟ್ರಪ್ಪ. ಬೀದಿ ಏನು ನಿಮ್ಮಪ್ಪ ಬಿಟ್ಟು ಹೋಗ್ಯಾನಾ?”

“ಸುತ್ತಾಕ್ಕೊಂಡು ಹೋಗಲೇ. ನಿನ್ನ ಕಾಲು ಸವೀತಾವೇನು?”

ಬುಡೇನ್ ಸಾಬ್ ಬಯ್ಯುತ್ತಾ ಸುತ್ತಿಕೊಂಡು ಹೋಗುತ್ತಿದ್ದ. ಬರುವಾಗ ಎರಡು ಲೋಟ ಚಹಾ ತರುತ್ತಿದ್ದ.

ಆ ಮೊಣಕಾಲಿಗೆ ಸಂಜೆ ಹರಳೆಣ್ಣೆ ತಿಕ್ಕುವ ಕೆಲಸ ನನ್ನದಾಗಿತ್ತು. ಮೊಣಕಾಲು ಎನ್ನುವುದಕ್ಕಿಂತ ಅದು ಹೊಳೆಯ ಗುಂಡುಕಲ್ಲಿನಂತೆ ಇತ್ತು, ಬೆಚ್ಚಗಿನ ಗುಂಡುಕಲ್ಲು. ತಿಕ್ಕುವಾಗ ಪರೀಕ್ಷೆಗೆ ಓದಿದ್ದನ್ನು ಅಜ್ಜನಿಗೆ ಒಪ್ಪಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ “ಹೂಂ, ಹೂಂ” ಎನ್ನುತ್ತಿದ್ದರು. ಅಕ್ಬರನನ್ನೂ ಆಮ್ಲಜನಕವನ್ನೂ ಒಂದೇ ಗೌರವದಿಂದ ಕೇಳುತ್ತಿದ್ದರು. ಹುಷಾರಾಗಿ ತಿಕ್ಕಬೇಕಿತ್ತು. ಸ್ವಲ್ಪ ಅಡ್ಡ ಒತ್ತಿದರೂ ಅವರ ಉಸಿರು ಒಮ್ಮೆ ನಿಂತು ಮತ್ತೆ ಶುರುವಾಗುತ್ತಿತ್ತು. “ಅಯ್ಯೋ” ಎಂದು ಮಾತ್ರ ಒಂದು ದಿನವೂ ಅಂದವರಲ್ಲ.

ನೈಲಾನ್ ಹಗ್ಗ ಬಂದಾಗ ಅಜ್ಜ ಮುನಿಸಿಕೊಳ್ಳಲಿಲ್ಲ. ತಂದು ತೂಗುಹಾಕಿದರು. “ಕೊಳ್ಯಂಗಿಲ್ಲ, ಗೆದ್ದಲು ತಿನ್ನಂಗಿಲ್ಲ, ಬಣ್ಣ ಬ್ಯಾರೆ ಚೆಂದೈತಿ” ಎಂದು ತಂಬ್ರಹಳ್ಳಿಯಿಂದ ಬಂದ ರೈತರಿಗೆ ಹೊಗಳಿ ಹೊಗಳಿ ಮಾರಿದರು. ಗಿರಾಕಿ ಇಲ್ಲದಾಗ ಮಾತ್ರ ಪುಂಡಿನಾರು ನೆನೆಹಾಕಿ, ಹೆಬ್ಬೆರಳಿಗೆ ಸಿಕ್ಕಿಸಿ, ಯಾರೂ ಕೇಳದ ಹಗ್ಗ ಹೊಸೆಯುತ್ತಾ ಕೂರುತ್ತಿದ್ದರು. ಆ ಹಗ್ಗಗಳೇ ಮನೆ ತುಂಬ ಉಳಿದವು.

ನಾನು ಪಿಯುಸಿ ಓದುತ್ತಿದ್ದ ವರ್ಷ ಅಜ್ಜ ತೀರಿಕೊಂಡರು. ಬೆಳಗ್ಗೆ ಪೂಜೆ ಮುಗಿಸಿ, ಲಿಂಗವನ್ನು ಕೊರಳ ಕರಡಿಗೆಯೊಳಗೆ ಇಟ್ಟು, “ಚಹಾ ತಾರಬೇ” ಎಂದರು. ನಾನು ಲೋಟ ಹಿಡಿದು ಬಂದೆ. ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದರು. ನಾನು ಪಾದದ ಆಚೆಯಿಂದ ಸುತ್ತಿಕೊಂಡು ಪಕ್ಕಕ್ಕೆ ಹೋಗಿ, “ಅಜ್ಜ, ಚಹಾ” ಎಂದೆ. ಲೋಟವನ್ನು ಎಲ್ಲಿಟ್ಟೆ ಎಂಬುದು ನೆನಪಿಲ್ಲ. ಸುತ್ತಿಕೊಂಡು ಹೋದದ್ದು ನೆನಪಿದೆ.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗ ಇಟ್ಟು, ಕಾಲು ಮಡಚಿ ಕೂರಿಸುತ್ತಾರೆ. ಕೂತ ಹಾಗೆಯೇ ಹೊತ್ತೊಯ್ದು ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಅಪ್ಪ ಮತ್ತು ಓಣಿಯವರು ಸೇರಿ ಅಜ್ಜನನ್ನು ಪಡಸಾಲೆಯಲ್ಲಿ ಒಂದು ಹಲಗೆಯ ಮೇಲೆ, ಗೋಡೆಗೆ ಒರಗಿಸಿ ಕೂರಿಸಿದರು. ಎಡಗಾಲು ಮಡಚಿದರು. ಬಲಗಾಲನ್ನು ಅದು ಇದ್ದ ಹಾಗೆಯೇ ಬಿಟ್ಟರು. ನೋಡಲು ಬಂದವರು ಹೂವು ಹಿಡಿದು, ಪಾದವನ್ನು ಸುತ್ತಿಕೊಂಡು ಹೋಗಿ, ಕೈಮುಗಿದು, ಮತ್ತೆ ಸುತ್ತಿಕೊಂಡು ಬಂದರು.

ಮಧ್ಯಾಹ್ನ ಹಿರೇಹಡಗಲಿಯಿಂದ ಅಜ್ಜನ ಅಣ್ಣ ಬಂದರು. ನಾವು ದೊಡ್ಡಜ್ಜ ಎನ್ನುತ್ತಿದ್ದೆವು. ತಮ್ಮನ ಮುಂದೆ ನಿಂತು ಬಹಳ ಹೊತ್ತು ಅತ್ತರು. ಅಳು ನಿಂತ ಮೇಲೆ ಕಾಲು ನೋಡಿದರು.

“ಏನಿದು? ಕಾಲು ಚಾಚಿ ಕುಂದ್ರಿಸೀರಿ? ಮಡಚ್ರಿ.”

“ಅದು ಮಡಚಂಗಿಲ್ಲ ದೊಡ್ಡಪ್ಪ. ನಿನಗೂ ಗೊತ್ತೈತಲ್ಲ” ಎಂದರು ಅಪ್ಪ.

“ಜೀವ ಇದ್ದಾಗ ಮಡಚ್ತಿದ್ದಿಲ್ಲ, ಖರೆ. ಈಗ ಅವಗೇನು ನೋವಾಕ್ಕತೇನು? ಅಂಗೈಯಾಗ ಲಿಂಗ ಇಟ್ಕಂಡು ಅದರ ಮುಂದ ಕಾಲು ಚಾಚ್ತಾರೇನಲೇ? ನಮ್ಮ ಮನಿತನದಾಗ ಹಿಂಗ ಯಾರೂ ಹೋಗಿಲ್ಲ. ಬಿಸಿನೀರು ಹಾಕಿ ಒತ್ತು. ಬರ್ತೈತಿ.”

ಅಪ್ಪ ಸುತ್ತ ನೋಡಿದರು. ಅಂಗಳದ ತುಂಬ ಜನ. ಅಪ್ಪ ದೊಡ್ಡಪ್ಪನ ಮಾತು ಮೀರಿದವರಲ್ಲ. ಬಿಸಿನೀರು ತಂದರು. ಬಟ್ಟೆ ಅದ್ದಿ ಮೊಣಕಾಲಿನ ಮೇಲೆ ಹಾಕಿದರು. ಒಂದು ಕೈ ಮೀನಖಂಡದ ಕೆಳಗೆ, ಇನ್ನೊಂದು ಕೈ ಮೊಣಕಾಲಿನ ಮೇಲೆ ಇಟ್ಟು ಒತ್ತಿದರು. ನಾನು ವಿಭೂತಿಯ ತಟ್ಟೆ ಹಿಡಿದು ಕಂಬದ ಪಕ್ಕ ನಿಂತಿದ್ದೆ. ಅಪ್ಪನ ಕತ್ತಿನ ನರ ಉಬ್ಬಿದ್ದು ಕಂಡಿತು. ಅಜ್ಜನ ತಲೆ ಒಂದು ಕಡೆಗೆ ವಾಲಿತು.

ಆಗ ಒಂದು ಸದ್ದಾಯಿತು. ಒಣ ಸದ್ದು. ಅದು ಅಜ್ಜನ ಮೊಣಕಾಲಿನಿಂದ ಬಂತೋ, ಅವರು ಕೂತಿದ್ದ ಹಲಗೆಯಿಂದ ಬಂತೋ, ಅಂದೂ ನನಗೆ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಇಷ್ಟು ವರ್ಷ ಅದನ್ನು ಕಿವಿಯೊಳಗೆ ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆ. ಕೇಳಿದಷ್ಟೂ ಅದು ಮಸುಕಾಗಿದೆ.

“ಬಿಡೋ” ಎಂದಳು ಅಜ್ಜಿ. ಬೆಳಗ್ಗೆಯಿಂದ ಅವಳು ಆಡಿದ ಮೊದಲ ಮಾತು. ಅಪ್ಪನಿಗೆ ಕೇಳಿಸಲಿಲ್ಲವೇನೋ. “ಲೇ, ಬಿಡು ಅಂದ್ನೆಲ್ಲ. ಆ ಕಾಲು ಮುಟ್ಟಬ್ಯಾಡ.”

ಅಪ್ಪ ಕೈ ತೆಗೆದರು. ಕಾಲು ಮೊದಲಿದ್ದ ಹಾಗೆಯೇ ಇತ್ತು. ಅಜ್ಜಿ ಸೆರಗು ತಲೆ ಮೇಲೆ ಎಳೆದುಕೊಂಡು ದೊಡ್ಡಜ್ಜನ ಕಡೆ ತಿರುಗಿದಳು. “ಬಾವಾರ, ಇಷ್ಟು ವರ್ಷ ಪೂಜಿ ಮಾಡಿದ್ದೂ ಹಿಂಗಾ ಕುಂತು. ಲಿಂಗ ಒಂದಿನಾನೂ ಸಿಟ್ಟಾಗಲಿಲ್ಲ. ನಿಮಗ್ಯಾಕ ಸಿಟ್ಟು ಬಂತ್ರಿ?”

ದೊಡ್ಡಜ್ಜ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರನ್ನು ನೋಡಿದರು. ಅಯ್ಯನವರು ಅಜ್ಜನ ಕೈಯನ್ನು ನೋಡುತ್ತಿದ್ದರು. “ಅಂಗೈ ನೆಟ್ಟಗೈತಿ” ಎಂದರು. “ಕಾಲಿನ ಮಾತು ಬಿಡ್ರಿ. ಹೊತ್ತಾತು.”

ಹೊಲದಲ್ಲಿ ಕುಣಿ ತೋಡುತ್ತಿದ್ದ ದುರುಗಪ್ಪನಿಗೆ, ಕಾಲಿಗೆ ಮುಂದೆ ಜಾಗ ಬಿಡು ಎಂದು ಹೇಳಿ ಕಳಿಸಿದರು. ಹೋದವನು ಬಂದು, “ಆಗ್ಲೇ ಬಿಟ್ಟಾನಂತ. ಆ ಕಾಲು ಯಾರಿಗೆ ಗೊತ್ತಿಲ್ಲ ಅಂದ” ಎಂದು ಹೇಳಿದ. ಆ ದಿನ ನಾನು ಅತ್ತದ್ದು ಆ ಮಾತಿಗೆ.

ಹೂವು ಕಟ್ಟಿದ ಕುರ್ಚಿಯ ಮೇಲೆ ಅಜ್ಜನನ್ನು ಕೂರಿಸಿ ಎತ್ತಿದರು. ಕಾಲು ಮುಂದಕ್ಕೆ ಚಾಚಿಕೊಂಡಿತ್ತು. ಬಾಗಿಲು ದಾಟುವಾಗ ಹಿಮ್ಮಡಿ ಇನ್ನೇನು ಚೌಕಟ್ಟಿಗೆ ಬಡಿಯಬೇಕು, “ತಡೀರಿ, ತಡೀರಿ” ಎಂದು ಬುಡೇನ್ ಸಾಬ್ ಜನರನ್ನು ತಳ್ಳಿಕೊಂಡು ಬಂದ. ಹಿಮ್ಮಡಿಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡ. ಮೈ ಅರ್ಧ ಹಿಂದಕ್ಕೆ ತಿರುಗಿಸಿ, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಬೀದಿಯುದ್ದಕ್ಕೂ ಹಾಗೇ ನಡೆದ. ಭಜನೆಯವರು ಮುಂದೆ, ಹೆಂಗಸರು ನಾವು ಹಿಂದೆ. ಹಗ್ಗದ ಅಂಗಡಿ ಬಂದಾಗ ಕುರ್ಚಿ ಸ್ವಲ್ಪ ಹೊತ್ತು ನಿಂತಿತು. ನಾನು ಹತ್ತಿರ ಹೋಗಿದ್ದೆ. ಬುಡೇನ್ ಸಾಬ್ ತನ್ನಷ್ಟಕ್ಕೆ ಬಯ್ಯುತ್ತಿದ್ದ. “ಸತ್ತ ಮ್ಯಾಲೂ ದಾರಿಗೆ ಅಡ್ಡನಾ ನೀನು. ಬಾ, ಈಗರ ಸುಮ್ನ ಬಾ.” ಯಾರೋ ಹುಡುಗರು, “ಚಾಚಾ, ನಾವು ಹಿಡೀತೀವಿ, ಬಿಡು” ಎಂದರು. “ನಡೀರಲೇ, ಇದು ನನ್ನ ಪಾಲಿಂದು” ಎಂದ. ಕುಣಿಯ ಅಂಚಿನವರೆಗೆ ಬಿಡಲಿಲ್ಲ.

ಆಮೇಲಿನ ದಿನಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ದುಃಖ ದೊಡ್ಡ ಸದ್ದು ಮಾಡಿಕೊಂಡು ಬರುತ್ತದೆ ಎಂದು ನಾನು ತಿಳಿದಿದ್ದೆ. ನನಗೆ ಅದು ಬರೀ ದಣಿವಾಗಿ ಬಂತು. ಓದಲು ಕುಳಿತರೆ ನಿದ್ದೆ, ಮಲಗಿದರೆ ಎಚ್ಚರ. ಪಡಸಾಲೆಯಲ್ಲಿ ನಡೆಯುವಾಗ ನಾವೆಲ್ಲ ಆ ಜಾಗವನ್ನು ಸುತ್ತಿಯೇ ನಡೆಯುತ್ತಿದ್ದೆವು. ಅಜ್ಜಿ ಕಸ ಗುಡಿಸುವಾಗಲೂ ಅಲ್ಲಿ ಪೊರಕೆ ಬಾಗುತ್ತಿತ್ತು. ಸಂಜೆ ಎಣ್ಣೆಯ ಬಟ್ಟಲು ಎತ್ತಿಕೊಂಡು, ಎರಡು ಹೆಜ್ಜೆ ನಡೆದು, ಮತ್ತೆ ಇಟ್ಟುಬಿಡುತ್ತಿದ್ದೆ.

ಅಪ್ಪ ಅಂಗಡಿಯಲ್ಲಿ ಕೂತರು. ಬಂದ ಹಗ್ಗ ಮಾರಿದರು. ತಾವು ಒಂದು ಮೊಳವನ್ನೂ ಹೊಸೆಯಲಿಲ್ಲ. ಕೆಲವು ವರ್ಷಗಳ ಮೇಲೆ ಅಂಗಡಿ ಬಿಟ್ಟರು. ಆ ಮಧ್ಯಾಹ್ನದ ಬಗ್ಗೆ ಅವರು ಮಾತಾಡಲಿಲ್ಲ, ನಾನು ಕೇಳಲಿಲ್ಲ. ಅವರು ಅನ್ನ ಕಲಸುವಾಗ ಆ ಕೈಗಳ ಕಡೆ ನೋಡದೆ ಇರುವುದು ನನಗೆ ರೂಢಿಯಾಯಿತು. ಸಿಟ್ಟೆಂದು ಹೇಳಲಾರೆ. ನೋಡಿದರೆ ಸದ್ದು ಕೇಳುತ್ತಿತ್ತು, ಅಷ್ಟೇ.

ಈಗ ಅಪ್ಪ ನಮ್ಮ ಜೊತೆಗೇ ಇದ್ದಾರೆ. ನಿನ್ನೆ ನೆನೆದ ಹಗ್ಗವನ್ನು ಹಿಂಡಿ ತಂದು ನೋಡಿದರೆ ಒಂದು ತುದಿಯ ಹುರಿ ಬಿಚ್ಚಿಹೋಗಿತ್ತು. ಪಡಸಾಲೆಯಲ್ಲಿ ನೆಲದ ಮೇಲೆ ಕುಳಿತು, ಬಲಗಾಲು ಚಾಚಿ, ಹೆಬ್ಬೆರಳಿಗೆ ಸಿಕ್ಕಿಸಿಕೊಂಡೆ. ಸಿಕ್ಕಿಸಿದೆ, ಜಾರಿತು. ಮತ್ತೆ ಸಿಕ್ಕಿಸಿದೆ, ಮತ್ತೆ ಜಾರಿತು. ಅಷ್ಟೊಂದು ಸಂಜೆ ನೋಡಿದ್ದರೂ ಕೈಗೆ ಏನೂ ಬಂದಿರಲಿಲ್ಲ. ಆಗ ಅಪ್ಪ ಕೋಣೆಯಿಂದ ಹೊರಗೆ ಬಂದರು. ನನ್ನ ಪಾದದ ಹತ್ತಿರ ನಿಂತರು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. ಆಮೇಲೆ ಗೋಡೆ ಹಿಡಿದುಕೊಂಡು, ಪಾದದ ಆಚೆಯಿಂದ ಸುತ್ತಿಕೊಂಡು ಬಂದು, ನನ್ನ ಪಕ್ಕ ಮೆಲ್ಲಗೆ ಕುಳಿತರು.

“ಹಂಗಲ್ಲ. ಎರಡು ಸುತ್ತು ಹಾಕು. ಇಲ್ಲಿ ಕೊಡು.”

ನನ್ನ ಹೆಬ್ಬೆರಳಿಗೆ ಅವರೇ ಎರಡು ಸುತ್ತು ಹಾಕಿದರು. ಗಂಟು ಬಿಗಿ ಮಾಡಿ, ಕೈ ತೆಗೆಯದೆ, ನನ್ನ ಮುಖ ನೋಡದೆ ಕೇಳಿದರು.

“ಆವತ್ತು ನೀ ಅಲ್ಲೇ ನಿಂತಿದ್ದಿ. ಅದು ಮುರೀತೇನು?”

ಯಾವತ್ತು ಎಂದು ನಾನು ಕೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳುವವಳಲ್ಲ ನಾನು. ಮನೆಯಲ್ಲಿ ಅದಕ್ಕೇ ನನಗೆ ಬೈಗುಳ. ಅಪ್ಪನ ಕೈಗಳನ್ನು ನೋಡಿದೆ.

“ಇಲ್ಲಪ್ಪ. ಹಲಗಿ ಸದ್ದು ಅದು. ನಾ ನೋಡೀನಿ.”

“ಹಲಗಿನಾ?”

“ಹಲಗಿನಾ.”

ಅಪ್ಪ ಹಗ್ಗದ ಆ ತುದಿ ಹಿಡಿದುಕೊಂಡರು. ನಾನು ಹುರಿ ಹಾಕತೊಡಗಿದೆ. ಹೊರಗೆ ಆಡುತ್ತಿದ್ದ ನನ್ನ ಮಗಳು ಓಡಿ ಬಂದು ನಮ್ಮಿಬ್ಬರ ಮುಂದೆ ನಿಂತಳು. “ಅಮ್ಮಾ, ಕಾಲು ತಗಿ, ಹೋಗಬೇಕು.”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅಂದರು: “ಸುತ್ತಾಕ್ಕೊಂಡು ಹೋಗು.”