ಗುಡವಿಯ ಚಳಿಯಲ್ಲಿ ಅತ್ತೆಯ ಇಷ್ಟಲಿಂಗ

ಶರಣ ಬಂಧುಗಳೇ, ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ಅರ್ಧ ನಂಬಿ ಅರ್ಧ ಬಿಡುವವಳು ನಾನು. ಹಾಗಾಗಿ ನೀವು ನನ್ನನ್ನು ನಂಬದಿದ್ದರೂ ಬೇಸರವಿಲ್ಲ. ನಮ್ಮತ್ತೆ ಕೈತಪ್ಪಿ ಹೋಗುವುದರಲ್ಲಿದ್ದರು, ಉಳಿದರು. ಅದು ಹೇಗಾಯಿತೆಂದು ಬರೆಯುತ್ತೇನೆ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಶಿಕಾರಿಪುರದ ನಮ್ಮ ಕಾಳಿನ ಅಂಗಡಿಗೆ ಬೀಗ ಹಾಕಿ, ಸೊರಬದ ಕಡೆ ಗುಡವಿಗೆ ಹೊರಟೆವು. ಯಜಮಾನರು, ನಾನು, ಕಾಲೇಜಿಗೆ ಹೋಗುವ ಮಗಳು ಸಹನಾ, ಅತ್ತೆ. ಕೆರೆಯ ಹಕ್ಕಿ ನೋಡಬೇಕೆಂಬುದು ಅತ್ತೆಯದೇ ಆಸೆ. ಸ್ವೆಟರ್ ಇಟ್ಟುಕೊಳ್ಳೋಣ ಎಂದರೆ ಯಜಮಾನರು, ಪಕ್ಕದ ತಾಲ್ಲೂಕಿಗೆ ಹೋಗಲು ಸ್ವೆಟರ್ ಯಾಕೆ, ನಾವೇನು ಕಾಶ್ಮೀರಕ್ಕೆ ಹೊರಟಿದ್ದೇವಾ ಎಂದು ನಕ್ಕರು. ನನಗೆ ಆಗಲೇ ಅನುಮಾನ. ನನ್ನ ಮಾತು ಯಾರು ಕೇಳುತ್ತಾರೆ!

ಕೆರೆಯ ಹತ್ತಿರ ಒಂದು ಹೋಂಸ್ಟೇಯಲ್ಲಿ ಇಳಿದೆವು. ಕತ್ತಲಾಗುವ ಮೊದಲೇ ಚಳಿ ಬಿತ್ತು ನೋಡಿ, ಎಲ್ಲರ ಹಲ್ಲೂ ಕಟಕಟ. ಈ ದಿನಗಳಲ್ಲಿ ಇಂಥ ಚಳಿ ತಾನೂ ಕಂಡಿಲ್ಲ ಎಂದಳು ಮನೆಯೊಡತಿ ನಾಗಮ್ಮ. ಬಂದವರಿಗೆಲ್ಲ ಹೀಗೇ ಹೇಳುತ್ತಾಳೋ ಏನೋ ಅಂದುಕೊಂಡೆ. ಅವಳು ತನ್ನ ಕರಿ ಕಂಬಳಿ ತಂದು ಅತ್ತೆಗೆ ಹೊದಿಸಿದಳು. ಹೊದಿಸುವಾಗ, ಅತ್ತೆಯ ಕೊರಳಲ್ಲಿ ಇಷ್ಟಲಿಂಗವಿದ್ದ ಕರಡಿಗೆ ನೋಡಿ, ಇದು ಬೆಳ್ಳಿಯದಾ ಎಂದು ಕೇಳಿದಳು. ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಂಬಳಿ ಯಾರು ಯಾರು ಹೊದ್ದದ್ದೋ ಎಂದು ಮೂಸಿಯೂ ನೋಡಿದೆ. ಒಲೆ ಹೊಗೆಯ ವಾಸನೆ ಬಿಟ್ಟರೆ ಬೇರೇನಿರಲಿಲ್ಲ.

ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋಗಿ ಕೊರಳು ಮುಟ್ಟಿಕೊಂಡರೆ ಕರಡಿಗೆ ಇಲ್ಲ, ಅದನ್ನು ಕಟ್ಟಿದ್ದ ಶಿವದಾರವೂ ಇಲ್ಲ. ಬುದ್ಧಿ ಬಂದಾಗಿನಿಂದ ಲಿಂಗಪೂಜೆ ಮಾಡದೆ ಒಂದು ಗುಟುಕು ನೀರು ಕುಡಿದವರಲ್ಲ ಅವರು. ಸಕ್ಕರೆ ಕಾಯಿಲೆ ಬೇರೆ. ರಾತ್ರಿ ಚಳಿಗೆ ಊಟ ಸೇರದೆ, ಮಾತ್ರೆ ಮಾತ್ರ ನುಂಗಿ ಮಲಗಿದ್ದರು. ಹಾಸಿಗೆ ಕೊಡವಿದೆವು, ಮಂಚದ ಕೆಳಗೆ ತಡಕಿದೆವು, ಬಚ್ಚಲ ಮೂಲೆಗೆಲ್ಲ ಟಾರ್ಚ್ ಬಿಟ್ಟೆವು. ಅಷ್ಟರಲ್ಲಿ ಅತ್ತೆಯ ಕೈ ನಡುಗತೊಡಗಿತು. ಚಳಿಗೆ ಇರಬೇಕು ಅಂದುಕೊಂಡರೆ, ಹಣೆಯ ಮೇಲೆ ಬೆವರು. ಅಜ್ಜಿಗೆ ಸಕ್ಕರೆ ಇಳಿದುಹೋಗಿದೆ, ಈಗಲೇ ಸಕ್ಕರೆ ನೀರು ಕುಡಿಸದಿದ್ದರೆ ಜೀವಕ್ಕೇ ಅಪಾಯ ಎಂದಳು ಸಹನಾ. ಲೋಟ ಹಿಡಿದರೆ ಅತ್ತೆ ಮುಖ ತಿರುಗಿಸಿದರು.

“ಲಿಂಗ ಸಿಗೋ ತನಕ ಒಂದ್ ಹನಿ ನೀರೂ ಬ್ಯಾಡ. ಈ ವಯಸ್ಸಿನಾಗೆ ನನ್ನ ಕೆಡಿಸಬ್ಯಾಡ್ರಿ.”

ಯಜಮಾನರು ತಾಯಿಯ ಕಾಲು ಹಿಡಿದರು, ಮಗಳು ಅತ್ತಳು. ಬಲವಂತ ಮಾಡಿದರೆ ಹಲ್ಲು ಕಚ್ಚಿದರು. ನೋಡನೋಡುತ್ತ ಮಾತು ತೊದಲಿತು, ಕಣ್ಣು ತೇಲಿತು. ಆಸ್ಪತ್ರೆ ಇದ್ದದ್ದು ಸೊರಬದಲ್ಲಿ, ಹೊರಗೆ ಮಂಜಿಗೆ ದಾರಿಯೇ ಕಾಣುತ್ತಿರಲಿಲ್ಲ. ಯಜಮಾನರು ಮುಂದಿನ ರಸ್ತೆಯಲ್ಲಿದ್ದ ಕಾರು ತೆಗೆಯಲು ಓಡಿದರು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಶಿವನೇ, ನಿನ್ನನ್ನು ಬಿಟ್ಟಿರಲಾರದೆ ಈ ಮುದುಕಿ ಸಾಯುತ್ತಿದ್ದಾಳೆ, ನೀನು ಅಡಗಿ ಕೂತು ನೋಡುತ್ತೀಯಾ ಎಂದು ಜಗಳವನ್ನೇ ಆಡಿದೆ. ಪ್ರಾರ್ಥನೆ ಅಂದರೆ ನನಗೆ ಬಂದದ್ದು ಅಷ್ಟೇ.

ಕಣ್ಣು ಬಿಟ್ಟಾಗ ಮೊದಲು ಹೊಳೆದದ್ದು, ಹಾಸಿಗೆಯ ಮೇಲೆ ಕಂಬಳಿ ಇಲ್ಲ. ಅಂದರೆ ಅತ್ತೆ ಬಚ್ಚಲಲ್ಲಿ, ನಾವು ಪಕ್ಕದ ಕೋಣೆಯಲ್ಲಿದ್ದಾಗ ನಾಗಮ್ಮ ಒಳಗೆ ಬಂದು ಹೋಗಿದ್ದಾಳೆ! ಮೈಯೆಲ್ಲ ಉರಿದುಹೋಯಿತು. ಅವಳ ಜುಟ್ಟು ಹಿಡಿದಾದರೂ ಕೇಳುತ್ತೇನೆಂದು ಹಿತ್ತಲ ಬಾಗಿಲು ದೂಡಿಕೊಂಡು ಹೋದೆ.

ಹಿಂದಿನ ಅಂಗಳದ ತುದಿಯಲ್ಲಿ, ಆ ಕೊರೆಯುವ ಚಳಿಯಲ್ಲಿ, ನಾಗಮ್ಮ ಒಂದು ಬೋರಲು ಹಾಕಿದ ಬುಟ್ಟಿಯ ಪಕ್ಕ ನಿಂತಿದ್ದಳು. ಕಂಬಳಿ ಬೇಲಿಯ ಮೇಲಿತ್ತು. ನನ್ನನ್ನು ಕಂಡರೂ ಜಾಗ ಬಿಟ್ಟು ಕದಲಲಿಲ್ಲ. ಕಳ್ಳರ ಲಕ್ಷಣವೇ ಇದು ಅನ್ನಿಸಿತು. ಬುಟ್ಟಿಯ ಕೆಳಗೇನಿದೆ ಎಂದು ಗದರಿದೆ. ಅವಳು ಬುಟ್ಟಿ ಎತ್ತಿದಳು. ಮಣ್ಣಿನ ಮೇಲೆ ಅತ್ತೆಯ ಕರಡಿಗೆ, ಶಿವದಾರದ ಸಮೇತ.

“ಕಂಬಳಿ ಕೊಡವೋವಾಗ ಬಿತ್ತು ಅಮ್ಮಾ. ನಿಮ್ ದೇವ್ರು, ನಾವು ಮುಟ್ಟಬಾರ್ದಲ್ಲ. ಬುಟ್ಟಿ ಮುಚ್ಚಿ ಬಿಟ್ಟು ಬರಾಣ ಅಂದ್ರೆ ನಾಯಿ ಎಳ್ಕೊಂಡ್ ಹೋದ್ರೆ ಅಂತ ಭಯ. ಕೂಗ್ತಾನೇ ಇದ್ದೆ, ನೀವು ಬಾಗ್ಲು ಹಾಕ್ಕೊಂಡಿದ್ರಿ.”

ಗಂಟು ಸಡಿಲಿ ಕಂಬಳಿಗೆ ಸಿಕ್ಕಿಕೊಂಡಿತ್ತು, ಅಷ್ಟೇ. ಕರಡಿಗೆ ಎತ್ತಿಕೊಂಡು ಓಡಿದೆ. ಲಿಂಗವನ್ನು ಅತ್ತೆಯ ಎಡ ಅಂಗೈಯಲ್ಲಿ ಇಟ್ಟೆ. ಬೆರಳುಗಳು ತಾವೇ ಮಡಚಿಕೊಂಡವು. ವಿಭೂತಿ ಹಚ್ಚಲೂ ಶಕ್ತಿಯಿಲ್ಲದೆ, ಸಹನಾ ಹಿಡಿದಿದ್ದ ಸಕ್ಕರೆ ನೀರನ್ನೇ ಕಣ್ಣೋಟದಲ್ಲೇ ಲಿಂಗಕ್ಕೆ ಅರ್ಪಿಸಿ, ಪ್ರಸಾದವೆಂದು ಲೋಟ ಪೂರ್ತಿ ಕುಡಿದರು. ನಾವು ಸೊರಬ ಮುಟ್ಟುವಷ್ಟರಲ್ಲಿ, ಹಕ್ಕಿ ನೋಡದೇ ಕರಕೊಂಡು ಬಂದಿರಲ್ಲ ಎಂದು ಮಗನನ್ನು ಬೈಯುವಷ್ಟು ಚೇತರಿಸಿಕೊಂಡಿದ್ದರು. ದಾರಿಯಲ್ಲಿ ಕುಡಿಸೋಣವೆಂದು ಕಾದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಸಾಮಾನು ತರಲು ಮರಳಿ ಹೋದಾಗ ಅತ್ತೆ ಹಟ ಮಾಡಿ ಕಾರಿನಿಂದ ಇಳಿದರು. ನಾಗಮ್ಮನ ಎರಡೂ ಕೈ ಹಿಡಿದುಕೊಂಡರು.

“ನಾನು ದಿನಾ ಮುಟ್ಟಿ ಪೂಜೆ ಮಾಡ್ತೀನಿ. ನೀನು ಮುಟ್ಟದೇ ಮಾಡಿದಿ ಬಿಡವ್ವ.”

ನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಚೀಲ ಎಣಿಸುವ ನೆಪದಲ್ಲಿ ಕಾರಿನ ಹಿಂದೆ ಹೋಗಿ ಕಣ್ಣೀರು ಹಾಕಿದೆ.

ಬಂಧುಗಳೇ, ಶಿವ ನನಗೆ ಒಳ್ಳೆಯ ಬುದ್ಧಿ ಕೊಟ್ಟು ಆ ಅಂಗಳಕ್ಕೆ ಕಳಿಸಲಿಲ್ಲ. ನಾನು ಹೋದದ್ದು ಕಳ್ಳಿಯನ್ನು ಹಿಡಿಯಲಿಕ್ಕೆ. ಇದ್ದ ಕೆಟ್ಟ ಬುದ್ಧಿಯನ್ನೇ ಹಿಡಿದು ತನ್ನ ಬಳಿಗೆ ಎಳೆದುಕೊಂಡ. ಅವನಿಗೆ ಶರಣು.