ಗೋಷಾದೊಳಗಿನ ಚಿತ್ರಗಳು

ನಾನು ಬರೆದ ಮುಖಗಳಲ್ಲಿ ಹೆಚ್ಚಿನವನ್ನು ಆಯಾ ಮನೆಯವರ ಹೊರತು ಯಾರೂ ನೋಡಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ನನ್ನ ತಂದೆ ಆಳಂದದಲ್ಲಿ ಅಂಗಡಿಗಳ ಬೋರ್ಡು, ಗುಡಿಗಳ ಗೋಡೆಗೆ ದೇವರ ಚಿತ್ರ ಬರೆಯುತ್ತಿದ್ದರು. ಅವರ ಕೈ ನಡುಗತೊಡಗಿದಾಗ ಕುಂಚ ನನ್ನ ಕೈಗೆ ಬಂತು. ನನಗೆ ದೇವರಿಗಿಂತ ಮನುಷ್ಯರ ಮುಖವೇ ಇಷ್ಟ. ಆದರೆ ಗಂಡಸರು ಯಾರೂ ನನ್ನೆದುರು ಕೂರಲೊಲ್ಲರು. ಹೆಂಗಸೊಬ್ಬಳು ತಾಸುಗಟ್ಟಲೆ ಮುಖ ದಿಟ್ಟಿಸಿದರೆ ಮರ್ಯಾದೆ ಹೋಗುತ್ತದಂತೆ! ಜೇವರ್ಗಿಯ ವಕೀಲರೊಬ್ಬರು ತಮ್ಮ ಕೋಟು, ರುಮಾಲು ಮತ್ತು ಹೆಬ್ಬೆರಳಿನಷ್ಟು ಫೋಟೋ ಕಳಿಸಿಕೊಟ್ಟರು. ಕುರ್ಚಿಗೆ ಕೋಟು ತೊಡಿಸಿ, ಕೊಡದ ಮೇಲೆ ರುಮಾಲು ಇಟ್ಟು ಅವರ ಚಿತ್ರ ಮುಗಿಸಿದೆ. ಕೋಟು ಬಹಳ ಚೆನ್ನಾಗಿ ಬಂದಿದೆ ಎಂದು ಹೇಳಿ ಕಳಿಸಿದರು.

ನನಗೆ ಸಿಕ್ಕಿದ್ದು ವಾಡೆಗಳ ಹೆಂಗಸರು. ಆ ನಿಜಾಮನ ಕಾಲದಲ್ಲಿ ನಮ್ಮ ಕಡೆಯ ದೊಡ್ಡ ಮನೆತನಗಳ ಹೆಣ್ಣುಮಕ್ಕಳು ಗೋಷಾದಲ್ಲಿರುತ್ತಿದ್ದರು, ಪರಗಂಡಸರ ಕಣ್ಣಿಗೆ ಬೀಳುತ್ತಿರಲಿಲ್ಲ. ಗಂಡಸು ಪೇಂಟರು ಒಳಗೆ ಹೋಗುವಂತಿಲ್ಲ, ನಾನು ಹೋಗಬಹುದು. ಆದರೆ ಹೆಂಡತಿ ಗೋಷಾದಲ್ಲಿದ್ದರೆ ಅವಳ ಚಿತ್ರಕ್ಕೂ ಗೋಷಾ! ಬಣ್ಣ ಒಣಗಿದ ಕೂಡಲೇ ಬಟ್ಟೆ ಸುತ್ತಿ ಟ್ರಂಕಿಗೆ ಹಾಕುತ್ತಿದ್ದರು. ನಾಲ್ಕು ಜನ ನೋಡಿದರಲ್ಲವೇ ಐದನೆಯವರು ಕರೆಯುವುದು? ನನ್ನ ಕಸುಬು ಟ್ರಂಕುಗಳಲ್ಲೇ ಮುಗಿದು ಹೋಗುತ್ತಿತ್ತು.

ಅಫಜಲಪುರದ ಹತ್ತಿರದ ಒಂದು ವಾಡೆಯಲ್ಲಿ ಗೌಡರ ಹೆಂಡತಿಯ ಚಿತ್ರ ಬರೆದೆ. ನನಗಿಂತ ಚಿಕ್ಕವಳು, ಬಾಯ್ತುಂಬ ನಗುವವಳು. ಉಳಿದವರೆಲ್ಲ ನೆಲ ನೋಡುತ್ತ ಕೂತರೆ ಇವಳು ನನ್ನನ್ನೇ ನೋಡುತ್ತ ಕೂತಳು.

“ಕಣ್ಣು ಹಿಂಗೇ ಬರೀರಿ ಅಕ್ಕಾ,” ಎಂದಳು. “ಮಂದಿ ಅಂತೂ ನನ್ನ ನೋಡಂಗಿಲ್ಲ. ನಾನರ ಮಂದೀನ್ನ ನೋಡ್ತೇನಿ.”

ಕಣ್ಣು ಹಾಗೆಯೇ ಬಂದವು. ಅಂಥ ಕಣ್ಣನ್ನು ನಾನು ಮುಂಚೆ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ಇದೊಂದನ್ನಾದರೂ ಪಡಸಾಲೆಯಲ್ಲಿ ತೂಗುಹಾಕಿರಿ ಎಂದು ಗೌಡರಿಗೆ ಅಂಗಲಾಚಿದೆ. ಅಲ್ಲಿಗೆ ತಹಸೀಲ್ದಾರರು, ಸಾಹುಕಾರರು ಎಲ್ಲ ಬರುತ್ತಾರೆ. ಒಮ್ಮೆ ಅವರ ಕಣ್ಣಿಗೆ ಬಿದ್ದರೆ ನನಗೂ ಒಂದು ಹೆಸರಾದೀತು ಎಂಬ ಆಸೆ.

ಗೌಡರು ನಕ್ಕರು. “ಮನಿ ಹೆಣ್ಮಕ್ಕಳ್ನ ಪಡಸಾಲಿಗಿ ತೂಗ ಹಾಕು ಅಂದ್ರ ಹ್ಯಾಂಗ್ರಿ ಬಾಯಾರ?”

ಆ ಚಿತ್ರವೂ ಟ್ರಂಕಿಗೆ ಹೋಯಿತು.

ಮುಂದೆ ಒಂದು ಬೇಸಿಗೆಯಲ್ಲಿ ಘತ್ತರಗಿಯ ಭಾಗ್ಯವಂತಿಗೆ ಕಾಯಿ ಒಡೆಸಲು ಹೊರಟವಳು ಆ ವಾಡೆಯ ಮುಂದೆ ಹಾದುಹೋಗುತ್ತಿದ್ದೆ. ದೊಡ್ಡ ಬಾಗಿಲು ತೆರೆದಿತ್ತು. ಪಡಸಾಲೆಯ ನಡುಗೋಡೆಯ ಮೇಲೆ ನನ್ನ ಚಿತ್ರ! ಕೆಳಗೆ ಜಮಖಾನೆಯ ಮೇಲೆ ಗಂಡಸರು ಕೂತಿದ್ದರು. ಕುಣಿಯುವಷ್ಟು ಖುಷಿಯಾಯಿತು ನನಗೆ. ಗಾಡಿ ನಿಲ್ಲಿಸಿ, ಚಪ್ಪಲಿ ಎಲ್ಲಿ ಬಿಟ್ಟೆನೆಂಬ ಖಬರಿಲ್ಲದೆ ಮೆಟ್ಟಿಲೇರಿದೆ. ಹತ್ತಿರ ಹೋದ ಮೇಲೆ ತಿಳಿಯಿತು, ಅವಳ ಕೊರಳಲ್ಲಿದ್ದದ್ದು ನಾನು ಬರೆದ ಸರವಲ್ಲ, ಹೂವಿನ ಹಾರ.

ಹೆರಿಗೆಯಲ್ಲಿ ಹೋದಳಂತೆ. ಸತ್ತವರಿಗೆ ಗೋಷಾ ಇಲ್ಲವಲ್ಲ, ಅದಕ್ಕೇ ಹೊರಗೆ ಬಂದಿದ್ದಳು. ನನಗೆ ಅಳುವಿನ ಜೊತೆಗೇ ಸಿಟ್ಟೂ ಉಕ್ಕಿ ಬಂತು.

ಗೌಡರು ನನ್ನನ್ನು ಪಕ್ಕಕ್ಕೆ ಕರೆದರು. “ದೇವರ ಕಳಿಸ್ದಂಗ ಬಂದ್ರಿ ನೋಡ್ರಿ. ನಿಮಗ ಹೇಳಿ ಕಳಸಬೇಕಂತಿದ್ದೆ. ಅಕಿ ಕಣ್ಣು ಒಂದೀಟು ಕೆಳಗ ಮಾಡಿ ಕೊಡ್ರಿ. ಬಂದವರ್ನೆಲ್ಲ ನೆಟ್ಟಗ ನೋಡಾಕತ್ತಾಳ.”

“ಅಕಿ ಹಂಗೇ ನೋಡ್ತಿದ್ಳ್ರಿ ಗೌಡ್ರ.”

“ನನ್ನ ಮುಂದ ಯಾವತ್ತೂ ಹಂಗ ನೋಡಿಲ್ಲ.”

“ಹಂಗಾರ ಈಗರ ನೋಡ್ಲಿ,” ಎಂದುಬಿಟ್ಟೆ.

ಗೌಡರ ಮುಖ ಕೆಂಪಾಯಿತು. ಆದರೂ ತಡೆದುಕೊಂಡರು. “ಮಾಡಿ ಕೊಟ್ರ ಇಲ್ಲೇ ಇರ್ತದ. ಕೇಳಿದವರಿಗೆಲ್ಲ ನಿಮ್ಮ ಹೆಸರು ಹೇಳ್ತೇನಿ. ಇಲ್ಲಂದ್ರ ಮತ್ತ ಟ್ರಂಕಿಗೇ.”

ಎರಡು ರೆಪ್ಪೆ ಇಳಿಸುವುದು ನನಗೇನು ದೊಡ್ಡ ಕೆಲಸವಲ್ಲ. ಇಷ್ಟು ವರ್ಷ ಬಾಯಿಬಿಟ್ಟು ಕೇಳಿದ ಗೋಡೆ ಎದುರಿಗೇ ಇತ್ತು. ಗೋಡೆಯ ಮೇಲೆ ಅವಳು, ನನ್ನನ್ನೇ ನೋಡುತ್ತಿದ್ದಳು. ನನ್ನಿಂದ ಆಗುವುದಿಲ್ಲ ಎಂದೆ.

ಆಳುಗಳು ಚಿತ್ರ ಇಳಿಸಿ ಒಳಗೆ ಒಯ್ದರು. ಹಾರವನ್ನು ಏನು ಮಾಡುವುದೆಂದು ತೋಚದೆ ಮೊಳೆಗೇ ತೂಗುಹಾಕಿದರು. ನಾನು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಜೇವರ್ಗಿ ಕಡೆಯ ಬೀಗರು ಸಾವಿನ ಮನೆ ಮಾತಾಡಿಸಲು ಬಂದರು. ಒಬ್ಬೊಬ್ಬರಾಗಿ ಗೋಡೆಯ ಮುಂದೆ ನಿಂತು, ಆ ಬರೀ ಹಾರಕ್ಕೆ ಕೈಮುಗಿದು, ಹೋಗಿ ಜಮಖಾನೆಯ ಮೇಲೆ ಕೂತರು. ಮುಖ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.